ಕೊಂಬು

ಮುಳಗುಂದ ನಾಕಾದ ಹತ್ರ, ಹೊಂಬಳ ಮಾಲಕರ ಪ್ರೆಸ್ಸಿನ್ಯಾಗ
ಹತ್ತೊಂಬತ್ತು ವರ್ಷ ಅಚ್ಚಿನ ಮೊಳಿ ಜೋಡಿಸಿದಾಂವ ನಾ.
ಸೀಸದ ಅಕ್ಷರ ಉಲ್ಟಾ ಇರತಾವ, ಉಲ್ಟಾನ ಓದಬೇಕು.
ಓದಿ ಓದಿ ಕಣ್ಣಿಗೆ ಅದ ರೂಢಿ ಆತು:
ಯಾರರ ನಕ್ಕರ, ಆ ನಗೀನೂ
ಬಲದಿಂದ ಎಡಕ್ಕ ಓದತಿದ್ದೆ.

ಮೌನೇಶ ಬಂದದ್ದು ನನ್ನ ಹಿಂದ.
ಯಾವ ಖಣದಾಗ ಕ, ಯಾವ ಖಣದಾಗ ಒತ್ತು,
ಬಟ್ಟು ಹಿಡದು ತೋರಿಸಿಕೊಟ್ಟಾಂವ ನಾನ.
ಮಧ್ಯಾಹ್ನ ಬುತ್ತಿ ಬಿಚ್ಚಿದರ
ಕಟಕ ರೊಟ್ಟಿ, ಗುರೆಳ್ಳ ಚಟ್ನಿ;
ಅರ್ಧ ನನಗ ಮುರದಿಟ್ಟ ಮ್ಯಾಲ ಅವನ ಮೊದಲನೇ ತುತ್ತು.
ಇಂಥಾವನ ಮ್ಯಾಲ ಎಂಥಾ ಸಿಟ್ಟು ಅಂತೀರಿ?
ನಾನೂ ಅದನ್ನ ಕೇಳ್ಕೋತ ಬಂದೇನಿ.

ಪಗಾರದಾಗ ಇಪ್ಪತ್ತು ರೂಪಾಯಿ ಫರಕ? ಅದಲ್ಲ.
ಬೆನ್ನ ಹಿಂದ ಏನರ ಅಂದಿದ್ದನೇನು? ಇಲ್ಲ.
ಒಂದು ಸೋಮವಾರ ಮಾಲಕರು ಒಳಗ ಬಂದು
"ಮೌನೇಶ, ಇದನ್ನ ಸ್ವಲ್ಪ ನೋಡ್ರಿ" ಅಂದರು.
ಅದ ಉಸುರಿನ್ಯಾಗ ನನ್ನ ಕಡೆ ತಿರುಗಿ
"ಲೇ, ಚಾ ಹೇಳು."
ಅಷ್ಟ.
ರಿ. ಒಂದಕ್ಷರ.
ನನ್ನ ಕೇಸಿನ್ಯಾಗ ನೂರಾರು ಬಿದ್ದಿದ್ದವು.

ಅವತ್ತಿನಿಂದ ಅವನ ಅರ್ಧ ರೊಟ್ಟಿ
ಭಿಕ್ಷಾ ಹಾಕಿದಂಗ ಕಂಡಿತು.
ಮಾಲಕರ ಮ್ಯಾಲ ಬರಬೇಕಾದ ಸಿಟ್ಟು
ಅಷ್ಟು ಮ್ಯಾಲಕ ಏರಲಾರದ
ಬಾಜೂ ಸ್ಟೂಲಿನ್ಯಾಗ ಕುಂತಾವನ ಮ್ಯಾಲ ಇಳೀತು.
"ಕೊಂಬು ಬಂದಾವ ಅವಗ" ಅಂದೆ,
ಮಷೀನ್ ಹೊಡಿಯೋ ಚಂಬಣ್ಣನ ಮುಂದ.
ಚಂಬಣ್ಣ ನಕ್ಕ. ನಕ್ಕದ್ದ ಸಾಕಾತು.

ಬೆಟಗೇರಿ ಸೀರಿ ವ್ಯಾಪಾರಿ ಮಗಳ ಲಗ್ನಪತ್ರಿಕಿ.
ಐನೂರು ಪ್ರತಿ, ಅರಿಷಿಣ ಕಾಗದ, ಕೆಂಪು ಶಾಯಿ.
ಮೌನೇಶನ ಜೋಡಣಿ, ಪ್ರೂಫ್ ನೋಡಿ ಸಹಿ ಆಗಿತ್ತು.
ಸೀಮಿಎಣ್ಣಿಲೆ ಕೈ ತೊಳಿಯಾಕ ಅಂವ ಹಿತ್ತಲಕ ಹ್ವಾದಾಗ
ಫ್ರೇಮಿನ ಕೀಲಿ ಅರ್ಧ ಸುತ್ತು ಸಡಲ ಮಾಡಿ
ಚಿಮಟದಿಂದ ಒಂದ ಒಂದು ಕೊಂಬು ಎತ್ತಿದೆ.
ಆ ಜಾಗಾದಾಗ ಖಾಲಿ ತುಂಡು ತುರುಕಿ ಮತ್ತ ಬಿಗದೆ.
'ವಧು' ಇದ್ದದ್ದು 'ವಧ' ಆತು.
ಚಂಬಣ್ಣಗ ಓದಾಕ ಬರತಿದ್ದಿಲ್ಲ.
ನಾ ಹೋಗಿ ಮೌನೇಶನ ಜೋಡಿ ರೊಟ್ಟಿ ತಿಂದೆ.

ಮೂರನೇ ದಿನ ವ್ಯಾಪಾರಿ ಪತ್ರಿಕಿ ಗಂಟು ತಂದು
ಟೇಬಲ್ ಮ್ಯಾಲ ಒಗದ.
ಹುಡಿಗಿ ತಾಯಿ ಹೊರಗ ರಿಕ್ಷಾದಾಗ ಕುಂತು ಅಳತಿದ್ದಳು.
ಆಕಿ ನನ್ನ ಲೆಕ್ಕದಾಗ ಇದ್ದಿದ್ದಿಲ್ಲ.
ಇನ್ನೂ ಬಿಚ್ಚದ ಫ್ರೇಮಿನ ಮ್ಯಾಲ ಮೌನೇಶ ಬಗ್ಗಿದ.
ಖಾಲಿ ತುಂಡಿನ ತುದಿ ನೋಡಿದ: ಕಚ್ಚಿದ್ದು.
ಹಲ್ಲಿಲೆ ಕಚ್ಚಿ ಸಣ್ಣ ಮಾಡೋ ಚಾಳಿ
ಇಡೀ ಪ್ರೆಸ್ಸಿನ್ಯಾಗ ಒಬ್ಬಂದ.
ತಲಿ ಎತ್ತಿ ನನ್ನ ನೋಡಿದ.
ನೆಟ್ಟಗ, ಎಡದಿಂದ ಬಲಕ್ಕ ಓದಿದ.
ಆಮ್ಯಾಲ ಮಾಲಕರಿಗೆ ಅಂದ:
"ನನ್ನ ತಪ್ಪರಿ."

ನಾ ಯಾಕ ಮಾಡಿದೆ ಅನ್ನೂದು ಒಂದು ನಮೂನಿ ತಿಳದೈತಿ.
ಅಂವ ಯಾಕ ಹಂಗ ಅಂದ, ಇವತ್ತಿಗೂ ಬಗಿಹರಿದಿಲ್ಲ.
ಮರುದಿನ ಮಾಲಕರು ನನಗ
'ನೋಡ್ರಿ' ಅನಲಿಲ್ಲ.
"ಲೇ, ಅವನ ಕೇಸೂ ನೀನ ನೋಡ್ಕೋ" ಅಂದರು.

ಹುಲಕೋಟಿ ಬಸ್ಸಿನ್ಯಾಗ ಒಮ್ಮೆ ಸಿಕ್ಕಿದ್ದ.
ಸರದು ಅರ್ಧ ಸೀಟು ಬಿಟ್ಟುಕೊಟ್ಟ.
ನಾ ಕುಂಡರಲಿಲ್ಲ. ಮುಂದಿನ ಸ್ಟಾಪಿಗೆ ಇಳದೆ,
ನನ್ನ ಊರು ಇನ್ನೂ ದೂರ ಇತ್ತು.

ಆಫ್‌ಸೆಟ್ ಬಂತು. ಮೊಳಿ ಎಲ್ಲಾ
ಕಿಲೋದ ಲೆಕ್ಕದಾಗ ಮೋಡಕಾದಾಂವಗ ಹ್ವಾದವು.
ಒಂದು ಉಳದೈತಿ, ಟ್ರಂಕಿನ್ಯಾಗ, ತಂಬಾಕದ ಡಬ್ಬಿಯೊಳಗ.

ಹ್ವಾದ ವಾರ ಮೊಮ್ಮಗಳ ಲಗ್ನಪತ್ರಿಕಿ ಮೊಬೈಲಿನ್ಯಾಗ ಬಂತು.
"ಅಜ್ಜಾ, ನೀ ಪ್ರೆಸ್ಸಿನಾಂವ, ತಪ್ಪು ಐತೇನು ನೋಡು."
ಎರಡು ಬಟ್ಟಿಲೆ ಎಳದು ಅಕ್ಷರ ದೊಡ್ಡದು ಮಾಡಿದೆ.
ಧು.
ಕೊಂಬು ಐತಿ.
ಇನ್ನೊಮ್ಮೆ ದೊಡ್ಡದು ಮಾಡಿ ನೋಡಿದೆ.