ಎತ್ತಿದ ಕೈ

ಕುತಾಯಿಸಿಯಲ್ಲಿ ನಾನು ಯಾರನ್ನೂ ದಾರಿ ಕೇಳುವಂತಿಲ್ಲ.
ಕೇಳಿದರೆ ನಗುತ್ತಾರೆ:
ಎಲ್ಗುಜಾನಿಗೆ ಈ ಊರಲ್ಲಿ ಗೊತ್ತಿಲ್ಲದ ಬಾಗಿಲೇ?
ಇಪ್ಪತ್ತಾರು ವರ್ಷ ಇವರ ಮದುವೆಗಳಲ್ಲಿ, ತಿಥಿಗಳಲ್ಲಿ,
ಮಗುವಿಗೆ ಹೆಸರಿಟ್ಟ ದಿನ, ಮಗ ಸೈನ್ಯಕ್ಕೆ ಹೊರಟ ದಿನ
ಮೇಜಿನ ತಲೆಯಲ್ಲಿ ಕೂತ ತಮಾದಾ ನಾನು.
ನಾನೆದ್ದು ಹರಸದೆ ಯಾರೂ ಗುಟುಕೇರಿಸುವಂತಿರಲಿಲ್ಲ,
ಹರಸಿದ ಮೇಲೆ ಯಾರೂ ಉಳಿಸುವಂತಿರಲಿಲ್ಲ.
ಮಾತಿನಲ್ಲೂ ಎತ್ತಿದ ಕೈ,
ಅದರಲ್ಲೂ.

ವಿಳಾಸ ಸಿಕ್ಕಿದ್ದು ಔಷಧದಂಗಡಿಯ ಗಾಜಿನ ಮೇಲೆ,
ಬೆಕ್ಕು ಕಳೆದಿದೆ ಎಂಬ ಚೀಟಿಗೂ
ಪಿಯಾನೋ ಮಾರಾಟಕ್ಕಿದೆ ಎಂಬುದಕ್ಕೂ ನಡುವೆ.
ಕೆಳಗೆ ಬಾಚಣಿಗೆಯ ಹಲ್ಲಿನಂತೆ ಕತ್ತರಿಸಿದ ನಂಬರುಗಳು.
ಎರಡು ಹಲ್ಲು ಆಗಲೇ ಇರಲಿಲ್ಲ.
ಯಾರಪ್ಪಾ ಆ ಇಬ್ಬರು,
ನನ್ನನ್ನು ಕೇಳದೆ ಮೇಜು ಬಿಟ್ಟೆದ್ದವರು?
ಕೆಮ್ಮಿನ ಔಷಧ ಕೊಂಡೆ. ಕೆಮ್ಮಿರಲಿಲ್ಲ.
ಹೊರಬರುವಾಗ ಮೂರನೆಯದನ್ನು ಹರಿದುಕೊಂಡೆ.
ಹನ್ನೊಂದು ದಿನ ಅದು ಜೇಬಿನಲ್ಲಿತ್ತು,
ಸೂರ್ಯಕಾಂತಿ ಬೀಜದ ಸಿಪ್ಪೆಯ ಜೊತೆ.

ಮಂಗಳವಾರ, ಸಂಜೆ ಏಳು. ಹೊಲಿಗೆ ಶಾಲೆಯ ಹಿಂದೆ, ನೆಲಮಾಳಿಗೆ.
ಮೊದಲ ವಾರ ಸೇತುವೆಯವರೆಗೆ ಹೋದೆ.
ರಿಯೋನಿ ಹೊಳೆ ಬಿಳಿ ಕಲ್ಲುಗಳ ಮೇಲೆ ಗದ್ದಲ ಮಾಡುತ್ತಿತ್ತು,
ಅದನ್ನು ಕೇಳುವ ನೆವದಲ್ಲಿ ಎಂಟೂವರೆ ಮಾಡಿದೆ.
ಎರಡನೆಯ ವಾರ ಶಾಲೆಗೆ ಮೂರು ಸುತ್ತು.
'ಏನು ಹುಡುಕ್ತಿದೀ?' ಎಂದಳು ಬೇಕರಿಯ ನಾಜಿಬ್ರೋಲಾ.
'ಗುಂಡಿ ಕಿತ್ತಿದೆ, ಹೊಲಿಸಬೇಕು' ಎಂದು
ಬೆನ್ನ ಹಿಂದೆ ಕೋಟಿನ ತೋಳಿಂದ ಒಂದನ್ನು ಕಿತ್ತುಕೊಂಡೆ.
'ಕೊಡಿಲ್ಲಿ' ಎಂದು ಹಿಟ್ಟಿನ ಕೈ ಒರೆಸಿ
ಅಲ್ಲೇ ಮೆಟ್ಟಿಲ ಮೇಲೆ ಹೊಲಿದೂ ಕೊಟ್ಟಳು.
ಮನೆಗೆ ಹೋದೆ.

ಮೂರನೆಯ ವಾರ ಇಳಿದೆ. ಹದಿನಾಲ್ಕು ಮೆಟ್ಟಿಲು.
ರುಂಡವಿಲ್ಲದ ಹೊಲಿಗೆ ಬೊಂಬೆಗಳನ್ನು
ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು, ಮುಖವಿದ್ದಂತೆ.
ಏಳು ಕುರ್ಚಿ. ಮೇಜಿಲ್ಲ.
ತಲೆ ಯಾವ ಕಡೆ, ಬುಡ ಯಾವ ಕಡೆ,
ನಾನೆಲ್ಲಿ ಕೂರಬೇಕು?

ಟೀ ಸುರಿಯುತ್ತಿದ್ದವನು ತಿರುಗಿದ. ಅಂಜೋರ್.
ಮಿನಿಬಸ್ಸಿನ ಅಂಜೋರ್. ಹತ್ತೊಂಬತ್ತಕ್ಕೆ ಮದುವೆಯಾದವನು.
ಅಲ್ಲಿಯವರೆಗೆ ಒಂದು ಹನಿ ಮುಟ್ಟಿರದ ಹುಡುಗನ ಕೈಗೆ
ತುಂಬಿದ ಕೊಂಬು ಕೊಟ್ಟು,
'ಗಂಡಸಾದರೆ ಬರಿದು ಮಾಡು' ಎಂದವನು ನಾನು.
ಮೂರು ಸಲ ಎಂದೆ. ಚಪ್ಪಾಳೆ ಬಿದ್ದಿತ್ತು.
'ಸಕ್ಕರೆ ಎಷ್ಟು?' ಎಂದ.
ಅಷ್ಟೇ ಅಂದದ್ದು.

ನನ್ನ ಸರದಿ ಬಂದಾಗ ಎದ್ದು ನಿಂತುಬಿಟ್ಟೆ.
ಬಲಗೈ ತಾನಾಗಿ ಎದೆಯ ಮಟ್ಟಕ್ಕೆ ಏರಿತು,
ಬೆರಳುಗಳು ಏನೂ ಇಲ್ಲದರ ಸುತ್ತ ಬಾಗಿಕೊಂಡು.
ದೇವರಿಗೆ, ಎಂದೆ. ನಾಡಿಗೆ, ಎಂದೆ.
ತೀರಿಹೋದವರಿಗೆ, ಎನ್ನುವಷ್ಟರಲ್ಲಿ
ಬಾಡಿಗೆ ಕುದುರೆಗಳು ನಿಂತ ಹಾಗೆ ಮಾತು ನಿಂತಿತು.
'ಕೂತೂ ಹೇಳಬಹುದು' ಎಂದಳು ಕನ್ನಡಕದ ತ್ಸಿಸಾನಾ.
'ಹೇಳದೆಯೂ ಕೂರಬಹುದು.'

ಕೂತೆ. ಆಮೇಲೆ ಹೇಳಿದೆ:
ಬಾಟಲಿ ಬಚ್ಚಿಡುತ್ತಿದ್ದದ್ದು ಬಟ್ಟೆ ತೊಳೆಯುವ ಮಿಷಿನಿನಲ್ಲಿ.
ಒಂದು ದಿನ ಮಗಳ ಸ್ವೆಟರಿನ ಜೊತೆ ತಿರುಗಿ ಒಡೆಯಿತು.
ಉಣ್ಣೆಯ ತುಂಬ ಗಾಜಿನ ಪುಡಿ.
ಅವಳು ಅದನ್ನೇ ಕೊಡವಿ ತೊಟ್ಟುಕೊಂಡು ಶಾಲೆಗೆ ಹೋದಳು.
ಸಂಜೆ ಕತ್ತಿನ ಮೇಲೆ ಸಣ್ಣ ಸಣ್ಣ ಗೀರು.
ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಯಾರೂ ಜಯವಾಗಲಿ ಎನ್ನಲಿಲ್ಲ.
ಕೆಟಲು ಟಕ್ಕೆಂದು ಆರಿತು.
ಇನ್ನೂ ಗಾಳಿಯಲ್ಲೇ ಇದ್ದ ನನ್ನ ಕೈಗೆ
ಅಂಜೋರ್ ಟೀ ಲೋಟ ಇಟ್ಟ.
'ಬಿಸಿಯಿದೆ, ನಿಧಾನ.'

ಮೇಲೆ ಬಂದಾಗ ನಾಜಿಬ್ರೋಲಾ ಕದ ಎಳೆಯುತ್ತಿದ್ದಳು.
ನಾನು ಬಂದ ಕಡೆ ನೋಡಿದಳು, ನೋಡದ ಹಾಗೆ.
'ಗುಂಡಿ ನಿಂತಿದೆಯಾ?'
ಮುಟ್ಟಿ ನೋಡಿಕೊಂಡೆ.
'ಇವತ್ತಿಗೆ ನಿಂತಿದೆ' ಎಂದೆ.