ನಲವತ್ತೊಂದು

ಹದಿನೆಂಟು ತಿಂಗಳು, ಹದಿನೆಂಟು ಚುಕ್ಕಿ.
ದಕ್ಕೆ ಪಕ್ಕದ ಠಾಣೆಯ ಕಳವಿನ ದೂರುಗಳು:
ಮೂರು, ಐದು, ಎರಡು, ನಾಲ್ಕು, ಮತ್ತೆ ಮೂರು,
ಬಿಸಿಲಿಗೆ ಹರಡಿದ ಬೂತಾಯಿಯ ಹಾಗೆ ತೆಪ್ಪಗೆ.
ಸೆಪ್ಟೆಂಬರ್ ಮಾತ್ರ ನಲವತ್ತೊಂದು.
ಹಾಳೆಯ ನೆತ್ತಿಯಲ್ಲಿ ಒಂಟಿಯಾಗಿ ಕೂತಿದೆ,
ಐಸ್ ಪ್ಲಾಂಟಿನ ಮಾಡಿನ ಮೇಲಿನ ಹದ್ದು.

"ತೆಗೆದುಬಿಡಿ" ಎಂದರು ಲೋಬೋ ಸರ್, ಕನ್ನಡಕ ಒರೆಸುತ್ತ.
"ನಾಲ್ಕರ ಪಕ್ಕ ತಪ್ಪಿ ಒಂದು ಬಿದ್ದಿರಬೇಕು.
ಅದಿದ್ದರೆ ನಿಮ್ಮ ಗೆರೆ ಸೊಟ್ಟ."
ಸೂತ್ರವೂ ಅವರ ಕಡೆಗೇ. ಬೇಲಿ ಹಾಕಿ ಕೊಡುತ್ತದೆ ಅದು,
ಇಷ್ಟು ದಾಟಿದರೆ ಹೊರಗಿನವ ಎಂದು;
ಯಾಕೆ ಹೊರಗೆ ನಿಂತೆ ಎಂದು ಕೇಳುವ ಕೆಲಸ ಅದರದ್ದಲ್ಲ.

ಸ್ಟೇಟ್ ಬ್ಯಾಂಕಿನಲ್ಲಿ ಇಳಿದು, ಮೀನಿನ ನೀರು ತಪ್ಪಿಸುತ್ತ ಹೋದೆ.
ಪುಸ್ತಕ ಕೊಟ್ಟರು. ತಪ್ಪಿ ಬಿದ್ದದ್ದಲ್ಲ.
ಗುಲಾಬಿ ಮರಕಾಲ್ತಿ: ಅಲ್ಯೂಮಿನಿಯಂ ಬುಟ್ಟಿ ಒಂದು, ಒಳಗೆ ಬಂಗುಡೆ ನೂರ ಹತ್ತು.
ಒಡಿಶಾದ ಹುಡುಗ, ಹೆಸರು ಬರೆದು ಹೊಡೆದು ಮತ್ತೆ ಬರೆದದ್ದು: ಮೊಬೈಲು.
ಗಂಬೂಟು ಒಂದು ಜೊತೆ. ಎಡದ್ದು ಸಿಕ್ಕಿದೆ.
ಒಂಬತ್ತು ದೂರು ಒಂದೇ ಬೋಟಿನವರದ್ದು, ವಿಮೆಯ ವಾಸನೆ ಉಂಟು,
ಅದನ್ನೂ ಗುರುತು ಹಾಕಿಕೊಂಡೆ.
ಅಕ್ಷರ ಮಾತ್ರ ಎಲ್ಲ ಕಡೆ ಒಬ್ಬರದೇ, ದುಂಡಗೆ.

ಆ ತಿಂಗಳು ರೈಟರ್ ರಜೆ, ಹರ್ನಿಯಾ ಆಪರೇಷನ್.
ಬದಲಿಗೆ ಕೂತವಳು ಜಲಜಾಕ್ಷಿ, ಹೊಸ ಕಾನ್‌ಸ್ಟೇಬಲ್.
ಈಗ ಟ್ರಾಫಿಕ್ಕಿಗೆ ಹಾಕಿದ್ದಾರೆ. ಹಂಪನಕಟ್ಟೆಯಲ್ಲಿ
ಕೈ ಎತ್ತಿ ಒಂದು ಬಸ್ಸು ನಿಲ್ಲಿಸಿ ಹೇಳಿದಳು:
"ಬಂದವರು ಹೇಳಿದ್ದು ಬರೆದೆ, ಅಷ್ಟೆ ಮಾರಾಯ್ರೆ.
ಬರೆಯದೆ ಕಳಿಸುವುದು ಹೇಗೆಂದು
ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ."

ಅಕ್ಟೋಬರಿನಲ್ಲಿ ರೈಟರ್ ಬಂದರು, ಚೇತರಿಸಿಕೊಂಡು.
ಅಕ್ಟೋಬರ್: ಮೂರು.

ರಾತ್ರಿ ಕರ್ಸರನ್ನು ನಲವತ್ತೊಂದರ ಮೇಲಿಟ್ಟು
ಬಹಳ ಹೊತ್ತು ಕೂತೆ.
ಒಬ್ಬಳ ಒಂದು ತಿಂಗಳು ಪುರಾವೆಯಲ್ಲ, ಗೊತ್ತುಂಟು.
ಆಮೇಲೆ ಮೆಲ್ಲಗೆ ಕೆಳಗಿಳಿಸಿದೆ, ಜನವರಿಯ ಮೂರಕ್ಕೆ.
ಎಷ್ಟು ಸಭ್ಯವಾದ ಚುಕ್ಕಿ, ಗೆರೆಗೆ ಅಂಟಿಕೊಂಡೇ ಇದೆ.
ಠಾಣೆಯ ಜಗಲಿಯ ಬೆಂಚಿನಿಂದ
ಬುಟ್ಟಿಯಿಲ್ಲದ ಎಷ್ಟು ಹೆಂಗಸರು
ಸುಮ್ಮನೆ ಎದ್ದು ಹೋದ ತಿಂಗಳು ನೀನು?

ಲೋಬೋ ಸರ್‌ಗೆ ಬರೆಯಲು ಕೂತಿದ್ದೇನೆ:
ಒಂದು ತೆಗೆಯಬೇಕೆಂದಿರಿ.
ನನಗೆ ಸಂಶಯ ಇರುವುದು
ಉಳಿದ ಹದಿನೇಳರ ಮೇಲೆ.