ಸಿಂಬಿ

ರಿವಣದ ದಾರಿಯಲ್ಲಿ ಬಸ್ಸಿಳಿದು
ಗೇರು ಮರಗಳ ನಡುವೆ ಅರ್ಧ ಮೈಲಿ ನಡೆದರೆ
ಟಿಕೇಟು ಕೊಡುವ ಗೂಡು.
ದೊಡ್ಡವರಿಗೆ ನೂರು, ಅರವತ್ತು ದಾಟಿದವರಿಗೆ ಐವತ್ತು.
ಅಜ್ಜಿಗೆಷ್ಟು ವರ್ಷ, ಕೇಳಿದ ಹುಡುಗ ಕೊಂಕಣಿಯಲ್ಲಿ.
ನಮ್ಮತ್ತೆ ಹುಲಿಗೆವ್ವ ಕೊಂಕಣಿಯಲ್ಲೇ ಹೇಳಿದಳು:
ಪೋರ್ಚುಗೀಸರು ಗಂಟು ಕಟ್ಟಿದ ವರ್ಷ
ನನಗೆ ಹನ್ನೆರಡು, ಹೊತ್ತದ್ದು ಇದೇ ಗುಡ್ಡದ ಬುಟ್ಟಿ.
ಲೆಕ್ಕ ನೀನೇ ಹಾಕು.
ಅವನು ಹಾಕಲಿಲ್ಲ. ಐವತ್ತು ತಗೊಂಡ.

ಹಳದಿ ಹೆಲ್ಮೆಟ್ಟು ತುರುಬಿನ ಮೇಲೆ ಕೂರಲೊಲ್ಲದು.
ತುರುಬು ಬಿಚ್ಚಿ, ಹಿಡಿಯಷ್ಟು ಬಿಳಿ ಕೂದಲು ಬೆನ್ನಿಗೆ ಬಿಟ್ಟು
ಪಟ್ಟಿಯನ್ನು ಗದ್ದಕ್ಕೆ ಬಿಗಿಸಿಕೊಂಡಳು.
ಆಗ ಇಂಥವು ಇರಲಿಲ್ಲವೇನು, ಎಂದೆ.
"ಇದ್ದವು. ಸಾಹೇಬಗ ಒಂದು. ಮುಕಾದಮಗ ಒಂದು."

ಗಾಜಿನ ಪೆಟ್ಟಿಗೆಯೊಳಗೆ ಕಾರ್ಬೈಡು ದೀಪ,
ತುಕ್ಕು ತಿಂದ ಉಳಿ, ಸುತ್ತಿಗೆ,
ಮಖಮಲ್ಲಿನ ಮೇಲೆ ಸಾಲಾಗಿ ಹಿತ್ತಾಳೆ ಬಿಲ್ಲೆ.
ಚೀಟಿ ಮೂರು ಭಾಷೆಯಲ್ಲಿತ್ತು.
ನಾನು ನಾಲ್ಕನೆಯದನ್ನು ಹುಡುಕಿದೆ.
ಅತ್ತೆ ಹುಡುಕಲಿಲ್ಲ; ಓದು ಬಾರದವಳಿಗೆ ಮೂರೂ ಒಂದೇ.
ಹತ್ತು ಬುಟ್ಟಿಗೆ ಒಂದು ಬಿಲ್ಲೆ, ಎಂದು ನಾನು ಓದಿದೆ.
"ಸುಳ್ಳು," ಎಂದಳು, ಗಾಜಿಗೆ ಬೆರಳೂರಿ.
"ಹನ್ನೊಂದನೇದಕ್ಕ ಕೊಡತಿದ್ರು."

ಸುರಂಗದ ಬಾಯಲ್ಲಿ ನಿಂತುಬಿಟ್ಟಳು.
ಮುಂದೆ ಪುಣೆಯ ಹೊಸ ಜೋಡಿ, ಅವಳ ಕೈತುಂಬ ಹಸಿರು ಬಳೆ,
ಹಿಂದೆ ಚಿಪ್ಸು ತಿನ್ನುವ ಹುಡುಗರು, ನೂಕುತ್ತಿದ್ದಾರೆ.
ಮಂಡಿ ನೋವೇ, ಎಂದೆ.
"ಅಲ್ಲವಾ. ಇಲ್ಲೀತನಕ ಅಷ್ಟ ನಮ್ಮದು.
ಹೆಂಗಸರ ಕಾಲು ಒಳಗ ಬೀಳೂ ಹಂಗಿರಲಿಲ್ಲ.
ಒಳಗಿಂದ ಅವರು ತಂದು ಹಾಕೂದು,
ಇಲ್ಲಿಂದ ನಾವು ಹೊರೂದು."
ಆಮೇಲೆ, ಯಾರೋ ಬಾ ಎಂದಂತೆ,
ಬಲಗಾಲು ಮೊದಲಿಟ್ಟಳು.

ಒಳಗೆ ತಂಪು, ತೊಟ್ಟಿಕ್ಕುವ ನೀರು,
ಬಾವಲಿ ವಾಸನೆ.
ಗೋಡೆ ಮುಟ್ಟಿದರೆ ಬೆರಳಿಗೆ ಮಸಿ. ಮ್ಯಾಂಗನೀಸು.
ರೂಪೇಶ ವೆಳಿಪ, ನಮ್ಮ ಗೈಡು, ಹೇಳುತ್ತಾ ಹೋದ:
ಎಷ್ಟು ಟನ್ನು, ಯಾವ ಹಡಗು, ಯಾವ ದೇಶ.
ಅವನಜ್ಜನ ಗದ್ದೆ ಈ ಗುಡ್ಡದ ಕಾಲ ಕೆಳಗಿತ್ತಂತೆ.
ಅದು ಅವನ ಪಾಠದಲ್ಲಿರಲಿಲ್ಲ,
ಬಾಯಿತಪ್ಪಿ ಬಂತು.

ತಿರುವಿನಲ್ಲೊಬ್ಬಳು ಪ್ಲಾಸ್ಟರಿನ ಹೆಂಗಸು
ತಲೆಯ ಮೇಲೆ ಬುಟ್ಟಿ ಹೊತ್ತು ನಗುತ್ತಿದ್ದಳು.
ಅತ್ತೆ ಅವಳ ಸುತ್ತ ಒಂದು ಸುತ್ತು ಬಂದಳು.
"ಇಕೀ ಒಳಗ ಹ್ಯಾಂಗ ಬಂದಳು?
ಅದೂ ಬರಿತಲಿ ಮ್ಯಾಲ ಬುಟ್ಟಿ!"
ಯಾರೂ ಉತ್ತರ ಹೇಳಲಿಲ್ಲ.

ಕೊನೆಯಲ್ಲಿ ಒಂದು ಅಗಲವಾದ ಜಾಗ.
ಈಗ ಒಂದು ನಿಮಿಷ ದೀಪ ಆರಿಸುತ್ತೇನೆ,
ಮೊಬೈಲು ಒಳಗಿಡಿ.
ಭಿಯೆನಾಕಾತ್, ಎಂದ ರೂಪೇಶ. ಹೆದರಬೇಡಿ.

ಕಣ್ಣು ಬಿಟ್ಟರೂ ಮುಚ್ಚಿದರೂ ಅಷ್ಟೇ.
ಹುಡುಗನೊಬ್ಬ ದೆವ್ವದ ದನಿ ತೆಗೆದ, ಬಳೆಗಳು ಗಲ್ಲೆಂದವು,
ಆಮೇಲೆ ನೀರಿನ ಸದ್ದೊಂದೇ.
ಮಾವನನ್ನು ನಾನು ಕಂಡದ್ದು ಗೋಡೆಯ ಫೋಟೋದಲ್ಲಿ ಮಾತ್ರ.
ಇಪ್ಪತ್ತು ವರ್ಷ ಸಂಜೆ ಸಂಜೆ ಕರ್ರಗಾಗಿ ಹೊರಬಂದು
ಬಾವಿಕಟ್ಟೆಯಲ್ಲಿ ಮೈ ತಿಕ್ಕಿಕೊಳ್ಳುತ್ತಿದ್ದನಂತೆ.
ಒಳಗೇನಿದೆ ಎಂದು ಇವಳು ಕೇಳಿದಾಗೆಲ್ಲ
ಏನಿಲ್ಲ, ಕತ್ತಲಿ,
ಅಷ್ಟೇ ಅನ್ನುತ್ತಿದ್ದನಂತೆ.
ಬೇಕಂತಲೇ ಮುಚ್ಚಿಡುತ್ತಾನೆ ಎಂದು
ಎಷ್ಟೋ ರಾತ್ರಿ ಮಾತು ಬಿಟ್ಟಿದ್ದಳಂತೆ.

ಪಕ್ಕದಲ್ಲೇ ಅತ್ತೆಯ ಉಸಿರು.
"ಖರೇನ ಹೇಳಿದ್ದ," ಅಂದಳು,
ನನಗಲ್ಲ.

ದೀಪ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು, ಯಾಕೋ.
ಮರಳಿ ಬರುವಾಗ ಅವಳು ಹಿಂದುಳಿದಳು.
ತಿರುಗಿ ನೋಡಿದರೆ
ರೊಟ್ಟಿ ಕಟ್ಟಿ ತಂದಿದ್ದ ಪಂಚೆತುಂಡನ್ನು ಹುರಿ ಮಾಡಿ,
ಸುತ್ತಿ, ಅಂಚು ಒಳಗೆ ಸಿಕ್ಕಿಸಿ,
ತುದಿಗಾಲಲ್ಲಿ ನಿಂತು
ಪ್ಲಾಸ್ಟರಿನವಳ ಬುಟ್ಟಿ ಎತ್ತುತ್ತಿದ್ದಾಳೆ.
ಮುಟ್ಟಬಾರದು ಎಂಬ ಫಲಕ ಅಲ್ಲೇ ಇತ್ತು.
ರೂಪೇಶ ಅದನ್ನು ಓದಲಿಲ್ಲ.
ಬುಟ್ಟಿಯ ಇನ್ನೊಂದು ಕಡೆ ಹಿಡಿದ.

ಹೊರಗೆ ಬಿಸಿಲು ಕಣ್ಣು ಚುಚ್ಚಿತು.
ಹೆಲ್ಮೆಟ್ಟು ಕೊಟ್ಟು, ತುರುಬು ಕಟ್ಟಿ,
ಗೇರು ಮರದಡಿ ಕೂತು ಬರಿಗೈಯಲ್ಲಿ ರೊಟ್ಟಿ ಮುರಿದೆವು.
ಕಡೆಗೊಮ್ಮೆ ಸೀನಿ, ಸೆರಗಿಗೆ ಮೂಗೊರೆಸಿ,
ಹಳೆಯ ರೂಢಿ,
ಬಿಡಿಸಿ ನೋಡಿದಳು.

ಬೆಳ್ಳಗಿತ್ತು.